ಸಸಿಗೆ ಸುತ್ತುವ ಸಪೂರ ಪಟ್ಟಿಗೆ ಮೈಕ್ರೋ ಪಿಡಿಎಫ್417: ಕೆಲವು ಮಳೆಗಾಲ ದಾಟಿದ ಮೇಲೆ

ಸಪೂರ ಪಟ್ಟಿಯ ಮೇಲೆ ಬಾರ್‌ಕೋಡ್ ಒತ್ತಬೇಕಿದ್ದರೆ ಮೈಕ್ರೋ ಪಿಡಿಎಫ್417 ಬಳಸಿ. ಚೌಕದ ಚೀಟಿ ಅಂಟಿಸಲು ಜಾಗ ಇದ್ದರೆ ಕ್ಯೂಆರ್ ಸಾಕು. ಇಷ್ಟು ವರ್ಷದ ಬಳಕೆಯಿಂದ ನನಗೆ ಖಚಿತವಾಗಿರುವುದು ಇದು. ಕಾರಣ ಹೇಳುತ್ತೇನೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಸಣ್ಣ ನರ್ಸರಿ. ಅಡಿಕೆ, ತೆಂಗು, ಸ್ವಲ್ಪ ಕಾಳುಮೆಣಸು. ತೊಟ್ಟೆಯಲ್ಲಿರುವ ಅಡಿಕೆ ಸಸಿ ಮಂಗಳ ತಳಿಯೋ ಮೋಹಿತ್‌ನಗರ ತಳಿಯೋ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಫಸಲು ಬರಲು ಐದಾರು ವರ್ಷ ಬೇಕು. ಅಷ್ಟು ಹೊತ್ತಿಗೆ "ಈ ಗಿಡ ಯಾವ ತಾಯಿಮರದ್ದು?" ಅಂತ ಕೇಳಿಕೊಂಡು ಬಂದವರಿಗೆ ಸರಿಯಾದ ಉತ್ತರ ಕೊಡಬೇಕಲ್ವಾ? ಅದಕ್ಕಾಗಿ ತಳಿ, ತಾಯಿಮರದ ನಂಬರ್, ಬೀಜ ಹಾಕಿದ ತಾರೀಕು, ಪಾತಿಯ ನಂಬರ್ ಎಲ್ಲವೂ ಪಟ್ಟಿಯಲ್ಲೇ ಇರಬೇಕು. ಬರೀ ಒಂದು ನಂಬರ್ ಒತ್ತಿ, ಉಳಿದದ್ದನ್ನು ಇಂಟರ್ನೆಟ್‌ನಲ್ಲಿ ಹುಡುಕುವ ವ್ಯವಸ್ಥೆ ನಮ್ಮ ತೋಟದ ತಗ್ಗಿನಲ್ಲಿ ನಡೆಯುವುದಿಲ್ಲ. ಅಲ್ಲಿ ರೇಂಜೇ ಸಿಗುವುದಿಲ್ಲ.

ನಾವು ಬಳಸುವ ಪ್ಲಾಸ್ಟಿಕ್ ಪಟ್ಟಿಯ ಅಗಲ 8 ಮಿಲಿಮೀಟರ್. ಕೋಡನ್ನು ಅದರೊಳಗೆ ಹಿಡಿಸಬೇಕು.

ಮೊದಲು ಇದರ ಅಣ್ಣನ ಬಗ್ಗೆ ಎರಡು ಮಾತು. ಪಿಡಿಎಫ್417 ಹುಟ್ಟಿದ್ದು 1991ರಲ್ಲಿ, ಅಮೆರಿಕದ ಸಿಂಬಲ್ ಟೆಕ್ನಾಲಜೀಸ್ ಕಂಪನಿಯಲ್ಲಿ. ನಮ್ಮೂರಿನಿಂದ ಗಲ್ಫ್‌ಗೆ ಹೋಗಿಬರುವವರು ಕಾಗದದ ಬೋರ್ಡಿಂಗ್ ಪಾಸ್‌ನಲ್ಲಿ ನೋಡಿರುವ ಅಡ್ಡ ಪಟ್ಟಿಯಂಥ ಕೋಡ್ ಇದೇ. ಕಂಪ್ಯೂಟರ್‌ನ ಪಿಡಿಎಫ್ ಫೈಲಿಗೂ ಇದಕ್ಕೂ ಸಂಬಂಧ ಇಲ್ಲ. 417 ಅಂದರೆ 4 ಕಪ್ಪು ಗೆರೆ, 4 ಬಿಳಿ ಸಂದು, ಒಟ್ಟು 17 ಯೂನಿಟ್ ಅಗಲ. ಅತಿ ಸಪೂರ ಗೆರೆಯ ಅಗಲವೇ ಒಂದು ಯೂನಿಟ್. ಇಂಥ ಒಂದು ತುಂಡಿಗೆ ಕೋಡ್‌ವರ್ಡ್ ಅನ್ನುತ್ತಾರೆ. ಒಂದು ಕೋಡ್‌ವರ್ಡ್ 0ಯಿಂದ 928ರವರೆಗಿನ ಒಂದು ಸಂಖ್ಯೆಯನ್ನು ಹೇಳುತ್ತದೆ. 900ಕ್ಕಿಂತ ಕೆಳಗಿನವು ಮಾಹಿತಿಗೆ. ಅಲ್ಲಿಂದ ಮೇಲಿನವು "ಇನ್ನು ಬರುವುದು ಅಕ್ಷರ", "ಇನ್ನು ಅಂಕಿ" ಅಂತ ಸೂಚನೆ ಕೊಡಲು.

ನನಗೆ ತುಂಬಾ ಇಷ್ಟವಾದದ್ದು ಸಾಲುಗಳನ್ನು ಜೋಡಿಸಿದ ರೀತಿ. ಕೆಂಪುಕಲ್ಲಿನ ಗೋಡೆ ಕಟ್ಟುವಾಗ ಒಂದು ಸಾಲಿನ ಸಂದು ಮೇಲಿನ ಸಾಲಿನ ಸಂದಿಗೆ ಸರಿಯಾಗಿ ಕೂರದ ಹಾಗೆ ನೋಡಿಕೊಳ್ಳುತ್ತಾರಲ್ಲ, ಇಲ್ಲೂ ಅಕ್ಕಪಕ್ಕದ ಸಾಲುಗಳು ಒಂದೇ ನಮೂನೆಯಲ್ಲಿ ಇರುವುದಿಲ್ಲ. ಪ್ರತಿ ಸಂಖ್ಯೆಗೂ ಮೂರು ಬೇರೆ ಬೇರೆ ಗೆರೆರೂಪ ಇದೆ. ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಇನ್ನೊಂದು, ಮೂರನೆಯದಕ್ಕೆ ಮತ್ತೊಂದು. ನಾಲ್ಕನೇ ಸಾಲಿಗೆ ಪುನಃ ಮೊದಲನೆಯದು. ಸ್ಕ್ಯಾನರ್‌ನ ಬೆಳಕು ಓರೆಯಾಗಿ ಬಿದ್ದು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿದರೂ ಅದು ಯಂತ್ರಕ್ಕೆ ಕೂಡಲೇ ತಿಳಿಯುತ್ತದೆ. ಕೆಲಸದವರು ಒಂದು ಕೈಯಲ್ಲಿ ಸಸಿ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ಯಾನ್ ಮಾಡುವಾಗ ನೇರವಾಗಿ ಹಿಡಿಯಲು ಎಲ್ಲಿ ಆಗುತ್ತದೆ!

ದೊಡ್ಡ ಪಿಡಿಎಫ್417ರಲ್ಲಿ ಪ್ರತಿ ಸಾಲಿನ ಎರಡೂ ತುದಿಗೆ ಶುರು ಗುರುತು, ಕೊನೆ ಗುರುತು, ಸಾಲಿನ ಗುರುತು ಅಂತ ಒಟ್ಟು 69 ಯೂನಿಟ್ ಹೋಗುತ್ತದೆ. ಅದರದ್ದೇ ಕಾಂಪ್ಯಾಕ್ಟ್ ರೂಪದಲ್ಲಿ ಬಲಗಡೆಯ ಗುರುತು ತೆಗೆದು 35ಕ್ಕೆ ಇಳಿಸಿದ್ದಾರೆ. ಆಫೀಸಿನ ಕಾಗದಕ್ಕೆ ಅದು ಆದೀತು. ಆದರೆ ಎಡಗಡೆಗೆ ಪೆಟ್ಟಾದರೆ ನೆಚ್ಚಿಕೊಳ್ಳಲು ಬಲಗಡೆ ಏನೂ ಉಳಿಯುವುದಿಲ್ಲ. ತೋಟದ ಕೆಲಸಕ್ಕೆ ನಾನು ಅದನ್ನು ಹೇಳಲಾರೆ. ಮೈಕ್ರೋದಲ್ಲಿ ಆ ಗುರುತುಗಳ ಬದಲು 10 ಯೂನಿಟ್‌ನ ಪುಟ್ಟ ಸಾಲುಗುರುತುಗಳು ಎರಡೂ ತುದಿಗೆ ಇವೆ. ನಾಲ್ಕು ಕಾಲಂ, ಅಂದರೆ ಸಾಲಿಗೆ ನಾಲ್ಕು ಕೋಡ್‌ವರ್ಡ್, ಇದ್ದರೆ ನಡುವೆಯೂ ಒಂದು. ಇನ್ನೊಂದು ಮುಖ್ಯ ವಿಷಯ ಸಾಲಿನ ಎತ್ತರ. ದೊಡ್ಡದರಲ್ಲಿ ಪ್ರತಿ ಸಾಲು ಕನಿಷ್ಠ 3 ಯೂನಿಟ್ ಎತ್ತರ ಇರಬೇಕು, ಮೈಕ್ರೋಗೆ 2 ಸಾಕು. ನಮ್ಮ ಪಟ್ಟಿಗೆ ಅದೇ ವರ.

ಮೈಕ್ರೋದ ಅಳತೆ ನಿಮ್ಮಿಷ್ಟದ್ದಲ್ಲ. 34 ಸಿದ್ಧ ಅಳತೆಗಳಲ್ಲಿ ಒಂದನ್ನು ಆರಿಸಬೇಕು. ನಾನು ಬಳಸುವುದು 4 ಕಾಲಂ, 12 ಸಾಲಿನದ್ದು. ಅಗಲ 99 ಯೂನಿಟ್. ಸಾಮಾನ್ಯ 203 ಡಿಪಿಐ (ಇಂಚಿಗೆ 203 ಚುಕ್ಕಿ) ಲೇಬಲ್ ಪ್ರಿಂಟರ್‌ನಲ್ಲಿ ಒಂದು ಯೂನಿಟ್‌ಗೆ ಎರಡು ಚುಕ್ಕಿ ಕೊಟ್ಟರೆ ಸುಮಾರು 25 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಎತ್ತರ ಬರುತ್ತದೆ. ಸುತ್ತ ಬಿಡಬೇಕಾದ ಖಾಲಿ ಜಾಗವೂ ಬರೀ 1 ಯೂನಿಟ್. ಕ್ಯೂಆರ್‌ಗೆ ನಾಲ್ಕೂ ಕಡೆ 4 ಯೂನಿಟ್ ಬಿಡಬೇಕು. ಅಷ್ಟೇ ಮಾಹಿತಿಗೆ, ಅಷ್ಟೇ ಚುಕ್ಕಿಯ ಕ್ಯೂಆರ್ 9 ಮಿಲಿಮೀಟರ್ ದಾಟುತ್ತದೆ. ಒಟ್ಟು ಜಾಗ ನೋಡಿದರೆ ಕ್ಯೂಆರ್‌ಗೇ ಕಡಿಮೆ ಸಾಕು, ಅದು ನಿಜ. ಆದರೆ 8 ಮಿಲಿಮೀಟರ್ ಪಟ್ಟಿಯಲ್ಲಿ ಅದು ಕೂರುವುದಿಲ್ಲ.

ಈ ಅಳತೆಯಲ್ಲಿ ಒಟ್ಟು 48 ಕೋಡ್‌ವರ್ಡ್. ಅದರಲ್ಲಿ ತಪ್ಪು ತಿದ್ದಲು 18 ಮೀಸಲು. ಒಂದು ಮೋಡ್ ಸೂಚನೆಗೆ. ಉಳಿದ 29ರಲ್ಲಿ ಇಂಗ್ಲಿಷ್ ದೊಡ್ಡಕ್ಷರ 58, ಇಲ್ಲವೇ ಬರೀ ಅಂಕಿಯಾದರೆ 85, ಇಲ್ಲವೇ 34 ಬೈಟ್ ಹಿಡಿಸುತ್ತದೆ. ಅಕ್ಷರಗಳನ್ನು ಎರಡೆರಡಾಗಿ ಕಟ್ಟುತ್ತಾರೆ. ಎ ಅಂದರೆ 0, ಝಡ್ ಅಂದರೆ 25. ಮೊದಲನೆಯದನ್ನು 30ರಿಂದ ಗುಣಿಸಿ ಎರಡನೆಯದನ್ನು ಕೂಡಿಸುವುದು. ಮಂಗಳ ಅಂತ ಇಂಗ್ಲಿಷಿನಲ್ಲಿ ಬರೆದರೆ ಮೊದಲ ಜೋಡಿ ಎಂ, ಎ: 12×30+0 = 360. ಮುಂದಿನದು ಎನ್, ಜಿ: 13×30+6 = 396. ಏಳು ಅಕ್ಷರ ನಾಲ್ಕು ಕೋಡ್‌ವರ್ಡಿನಲ್ಲಿ ಮುಗಿಯಿತು.

ಕನ್ನಡಕ್ಕೆ ಈ ಸೌಲಭ್ಯ ಇಲ್ಲ, ಅದು ನನಗೆ ನಿಜವಾಗಿಯೂ ಬೇಸರದ ವಿಷಯ. ಯೂನಿಕೋಡ್ ಕನ್ನಡದ ಪ್ರತಿ ಚಿಹ್ನೆಗೂ, ಅಂದರೆ ಕಾಗುಣಿತದ ಗುರುತಿಗೂ ಸೊನ್ನೆಗೂ ಸೇರಿ, ತಲಾ 3 ಬೈಟ್ ಬೇಕು. 6 ಬೈಟ್‌ಗೆ 5 ಕೋಡ್‌ವರ್ಡ್. ತೆಂಗಿನ ತಳಿ ಕೇರಸಂಕರದ ಹೆಸರು ಇಂಗ್ಲಿಷಿನಲ್ಲಾದರೆ 6 ಕೋಡ್‌ವರ್ಡ್, ಕನ್ನಡದಲ್ಲಾದರೆ 18. 29ರಲ್ಲಿ 18 ಹೆಸರಿಗೇ ಹೋದರೆ ತಾಯಿಮರ, ತಾರೀಕು ಎಲ್ಲಿ ಹಾಕುವುದು? ಮಲಯಾಳದ ಕತೆಯೂ ಇದೇ. ಹಾಗಾಗಿ ಕೋಡಿನ ಒಳಗೆ ಇಂಗ್ಲಿಷ್ ದೊಡ್ಡಕ್ಷರ ಮತ್ತು ಅಂಕಿ, ಪಕ್ಕದಲ್ಲಿ ಕಣ್ಣಿಗೆ ಕಾಣುವ ಹಾಗೆ ತಳಿಯ ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ. ಪುತ್ತೂರಿನಿಂದ ಬಂದವರೂ ಓದುತ್ತಾರೆ, ಕಾಞಂಗಾಡಿನಿಂದ ಬಂದವರೂ ಓದುತ್ತಾರೆ. ನಮ್ಮಂಥ ಗಡಿಯ ಊರಿನಲ್ಲಿ ಇದನ್ನು ಬಿಡಲು ಆಗುವುದಿಲ್ಲ.

ಬಾಳಿಕೆ ಹೇಗೆ? ಬೋರ್ಡೋ ಮದ್ದು ಬಿಟ್ಟ ಮೇಲೆ ಪಟ್ಟಿಯ ಮೇಲೆ ನೀಲಿ ಕಲೆ ಕೂರುತ್ತದೆ. ಮಳೆಗಾಲದಲ್ಲಿ ಕೆಸರು, ಪಾಚಿ. ಆದರೂ ಹೆಚ್ಚಿನ ಪಟ್ಟಿಗಳು ಬೆರಳಿನಿಂದ ಒರೆಸಿದರೆ ಓದುತ್ತವೆ. ಇಲ್ಲಿ ಕೆಲಸ ಮಾಡುವುದು ಆ 18 ಕೋಡ್‌ವರ್ಡ್. ರೀಡ್-ಸಾಲೋಮನ್ ಎಂಬ ಲೆಕ್ಕ ಅದು. 0ಯಿಂದ 928ರವರೆಗೆ ಒಟ್ಟು 929 ಸಂಖ್ಯೆ, ಆ 929 ಅವಿಭಾಜ್ಯ ಸಂಖ್ಯೆ ಆದದ್ದರಿಂದಲೇ ಆ ಲೆಕ್ಕ ಇಲ್ಲಿ ಸರಾಗವಾಗಿ ಕೂರುತ್ತದೆ. ಕಾಣದೇ ಹೋದ ಕೋಡ್‌ವರ್ಡ್ ಒಂದನ್ನು ತುಂಬಲು ಒಂದು ಸಾಕು. ತಪ್ಪಾಗಿ ಓದಿದ್ದನ್ನು ಪತ್ತೆ ಮಾಡಿ ಸರಿಮಾಡಲು ಎರಡು ಬೇಕು. ದೊಡ್ಡ ಪಿಡಿಎಫ್417ರಲ್ಲಿ ಈ ರಕ್ಷಣೆ ಎಷ್ಟಿರಬೇಕು ಅಂತ 0ಯಿಂದ 8ರವರೆಗೆ ನಾವೇ ಆರಿಸಬಹುದು. ಮೈಕ್ರೋದಲ್ಲಿ ಅಳತೆಗೆ ತಕ್ಕ ಹಾಗೆ ನಿಗದಿ. ಮಳೆ ಜಾಸ್ತಿ ಇರುವ ನಮ್ಮ ಕಡೆಗೆ ಇನ್ನೂ ಸ್ವಲ್ಪ ಏರಿಸುವ ಅವಕಾಶ ಬೇಕಿತ್ತು. ಐದರಲ್ಲಿ ಒಂದು ಅಂಕ ನಾನು ಕಳೆಯುವುದು ಇದಕ್ಕೆ.

ಸ್ಕ್ಯಾನರ್ ತೆಗೆದುಕೊಳ್ಳುವಾಗ ಅಂಗಡಿಯವರು "2ಡಿ ಎಲ್ಲ ಓದುತ್ತದೆ" ಅನ್ನುತ್ತಾರೆ. ನಿಮ್ಮ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ಅಲ್ಲೇ ಓದಿಸಿ ನೋಡಿ. ಎಷ್ಟೋ ಸ್ಕ್ಯಾನರ್‌ಗಳಲ್ಲಿ ಮೈಕ್ರೋ ಮೊದಲಿಗೆ ಆಫ್ ಆಗಿರುತ್ತದೆ. ಕೈಪಿಡಿಯಲ್ಲಿರುವ ಸೆಟ್ಟಿಂಗ್ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿದರೆ ಆನ್ ಆಗುತ್ತದೆ. ಮೊಬೈಲಿನ ಎಷ್ಟೋ ಉಚಿತ ಆಪ್‌ಗಳು ದೊಡ್ಡ ಪಿಡಿಎಫ್417 ಓದುತ್ತವೆ, ಮೈಕ್ರೋ ಓದುವುದಿಲ್ಲ. ಗಿರಾಕಿಗಳು ಮನೆಗೆ ಹೋಗಿ ತಾವೇ ನೋಡಲಿ ಅಂತ ನಾವು ಬಿಲ್ಲಿನಲ್ಲಿ ಅದೇ ಮಾಹಿತಿಯ ಕ್ಯೂಆರ್ ಕೊಡುತ್ತೇವೆ.

ಕೋಡ್ ತಯಾರಿಸಲು ಜಿಂಟ್ ಎಂಬ ಉಚಿತ ತಂತ್ರಾಂಶ ಸಾಕು. ಬರೀ ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ ಬೇಡವೇ ಬೇಡ, ಬಿಸಿಲಿಗೆ ಮಾಸುತ್ತದೆ. ಪ್ಲಾಸ್ಟಿಕ್ ಪಟ್ಟಿಗೆ ಪ್ರಿಂಟರ್‌ನಲ್ಲಿ ರೆಸಿನ್ (ರಾಳದ ಶಾಯಿಯ) ರಿಬ್ಬನ್ನೇ ಹಾಕಿ, ಮೇಣದ ರಿಬ್ಬನ್ ಅಗ್ಗ ಆದರೂ ಉಗುರು ತಾಗಿದರೆ ಏಳುತ್ತದೆ. ಮತ್ತೆ, ಕೋಡನ್ನು ಸಸಿಗೆ ಸುತ್ತಿಕೊಳ್ಳುವ ಭಾಗದಲ್ಲಿ ಒತ್ತಬೇಡಿ. ಎಳೆ ಸಸಿಯ ಬುಡ ಸಪೂರ, ಪಟ್ಟಿ ಬಾಗಿದರೆ ಸಾಲಿನ ಅರ್ಧ ಹಿಂದೆ ಹೋಗುತ್ತದೆ. ನೇತಾಡುವ ಬಾಲದ ಕಡೆ ಒತ್ತಿ.