ನಮ್ಮ ಅಡ್ಡರಸ್ತೆಯ ಕಾಂಕ್ರೀಟ್ ಕಾಮಗಾರಿ: ಐದಕ್ಕೆ ಎರಡೂವರೆ

ಬೆಂಗಳೂರಿನ ತ್ಯಾಗರಾಜನಗರದ ಒಂದು ಅಡ್ಡರಸ್ತೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ನನ್ನ ಹೊಲಿಗೆಗೆ ಗಿರಾಕಿಗಳು ಅಂಕ ಕೊಡುತ್ತಾರೆ, ತೋಳು ಬಿಗಿಯಾದರೆ ಮುಖದ ಮೇಲೇ ಹೇಳುತ್ತಾರೆ. ಹಾಗೆಯೇ ನಾನು ತೆರಿಗೆ ಕಟ್ಟಿ ಪಡೆದ ಈ ರಸ್ತೆಗೂ ಅಂಕ ಕೊಡುತ್ತಿದ್ದೇನೆ.

ಕೆಲಸ ಇಷ್ಟು: ಹಳೆಯ ಟಾರಿನ ಮೇಲೆ ವೈಟ್ ಟಾಪಿಂಗ್ ಅಂದರೆ ಕಾಂಕ್ರೀಟ್ ಹೊದಿಕೆ, ಎರಡೂ ಬದಿಗೆ ಹೊಸ ಚರಂಡಿ, ಪಾದಚಾರಿ ಮಾರ್ಗಕ್ಕೆ ಇಂಟರ್‌ಲಾಕ್ ಇಟ್ಟಿಗೆ. ನಾಮಫಲಕದ ಪ್ರಕಾರ ಉದ್ದ 210 ಮೀಟರ್, ಅಂದಾಜು ಮೊತ್ತ 96 ಲಕ್ಷ, ಅವಧಿ 90 ದಿನ. ಮೀಟರಿಗೆ ಹತ್ತಿರ ಹತ್ತಿರ ನಲವತ್ತಾರು ಸಾವಿರ ರೂಪಾಯಿ. ಮೀಟರ್ ಲೆಕ್ಕದಲ್ಲಿ ಬದುಕುವವಳು ನಾನು, ಅಷ್ಟು ದುಬಾರಿಯ ರೇಷ್ಮೆಯನ್ನು ನನ್ನ ಕೈಗೆ ಯಾರೂ ಕೊಟ್ಟಿಲ್ಲ.

ಮೊದಲು ಸಮಯದ ಮಾತು. ವರಮಹಾಲಕ್ಷ್ಮಿ ಹಬ್ಬ ಮುಗಿದ ಸೋಮವಾರ ಜೆಸಿಬಿ ಬಂತು. ಅಲ್ಲಿಂದ ಗೌರಿ ಹಬ್ಬ, ದಸರಾ, ದೀಪಾವಳಿ. ದರ್ಜಿಗಳ ವರ್ಷದ ಸಂಪಾದನೆಯಲ್ಲಿ ಅರ್ಧ ಬರುವುದು ಈ ದಿನಗಳಲ್ಲಿ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವುದೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಅಂಗಡಿಯ ಮುಂದೆ ಎದೆಮಟ್ಟದ ಚರಂಡಿ ಗುಂಡಿ, ಅದರ ಮೇಲೆ ಎರಡು ಸೆಂಟ್ರಿಂಗ್ ಹಲಗೆ. ಮೊಣಕಾಲು ನೋವಿನ ಹಿರಿಯರು ಹಲಗೆ ದಾಟದೆ ಆಚೆಯಿಂದಲೇ ಬಟ್ಟೆ ಎಸೆದರು, ನಾನು ಹಿಡಿದುಕೊಂಡೆ. ಅಳತೆಗೆ ಹಳೆಯ ರವಿಕೆಯೇ ಗತಿ. ಹೊಸ ಗಿರಾಕಿಗಳ ಸುಳಿವೇ ಇರಲಿಲ್ಲ. ಗೌರಿ ಹಬ್ಬಕ್ಕೆ ನೂರಿಪ್ಪತ್ತು ರವಿಕೆ ಹೊಲಿಯುತ್ತಿದ್ದವಳು ಆ ವರ್ಷ ಹೊಲಿದದ್ದು ನಲವತ್ತೊಂದು.

ಬೇಸಿಗೆಯಲ್ಲಿ ಏಕೆ ಮಾಡಲಿಲ್ಲ ಎಂದು ಮೇಸ್ತ್ರಿಯನ್ನು ಕೇಳಿದೆ. "ಬೇಸಿಗೆಯಲ್ಲಿ ಟೆಂಡರೇ ಆಗಿರಲಿಲ್ಲ ಅಮ್ಮ. ಈಗ ಬಿಟ್ಟರೆ ಮಾರ್ಚ್ ಒಳಗೆ ಬಿಲ್ ಆಗುವುದಿಲ್ಲ" ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ರಾತ್ರಿ ಹನ್ನೊಂದಕ್ಕೂ ಗೋಣಿಚೀಲ ನೆನೆಸುತ್ತಿದ್ದವನು ಅವನೊಬ್ಬನೇ. ಎದುರು ಮನೆಯ ನಿವೃತ್ತ ಎಂಜಿನಿಯರ್ ರಾಯರು ಹೇಳಿದ ಪ್ರಕಾರ ಕಾಂಕ್ರೀಟಿನ ಬಲವನ್ನು ಲೆಕ್ಕ ಹಿಡಿಯುವುದು 28 ದಿನಕ್ಕೆ. ನಮ್ಮ ರಸ್ತೆಯ ಮೇಲೆ ಒಂಬತ್ತನೆಯ ದಿನವೇ ಸಿಲಿಂಡರ್ ಗಾಡಿ ಓಡಿತು.

90 ದಿನದ ಕೆಲಸ ಮುಗಿದದ್ದು ಫೆಬ್ರುವರಿಯಲ್ಲಿ.

ಇನ್ನು ಖರ್ಚು. ಮಾಹಿತಿ ಹಕ್ಕಿನಲ್ಲಿ ಅಂದಾಜುಪಟ್ಟಿ ಕೇಳೋಣವೆಂದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದೆ. ಕರ್ನಾಟಕದ ನಿಯಮದಂತೆ ಅರ್ಜಿಗೆ ವಿಷಯ ಒಂದೇ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನನ್ನ ಮೊದಲ ಕರಡು ಎರಡು ಪುಟ ಇತ್ತು. ರಾಯರು ಕೂತು ಕತ್ತರಿಸಿದರು. ಮೂವತ್ತು ದಿನದಲ್ಲಿ ಬರಬೇಕಾದ ಉತ್ತರ ನಲವತ್ತೊಂದನೆಯ ದಿನ ಬಂತು, ಮೂವತ್ತೇಳು ಪುಟ.

ಅದರಲ್ಲಿ ಇಟ್ಟಿಗೆಯ ದಪ್ಪ 80 ಮಿಲಿಮೀಟರ್ ಎಂದಿದೆ. ಅಂದರೆ ಮೂರು ಇಂಚಿಗಿಂತ ತುಸು ಹೆಚ್ಚು. ಅಂಗಡಿ ಮುಂದೆ ಮಿಕ್ಕಿ ಬಿದ್ದಿದ್ದ ಒಂದು ಇಟ್ಟಿಗೆಗೆ ನನ್ನ ಟೇಪು ಹಿಡಿದೆ: ಎರಡೂವರೆಯನ್ನೂ ಮುಟ್ಟಲಿಲ್ಲ. ಎಲ್ಲವೂ ಹಾಗೆಯೇ ಇವೆ ಎಂದು ನಾನು ಹೇಳಲಾರೆ, ಅಳೆದದ್ದು ಐದು ಇಟ್ಟಿಗೆ ಮಾತ್ರ. ಐದೂ ಒಂದೇ ಅಳತೆ.

ನನ್ನನ್ನು ಹೆಚ್ಚು ಕಾಡಿದ್ದು ಹಳೆಯ ಚಪ್ಪಡಿಗಳು. ಚರಂಡಿಯ ಮೇಲೆ ಒಳ್ಳೆಯ ಕಲ್ಲುಚಪ್ಪಡಿಗಳಿದ್ದವು, ನಾನು ಅಂಗಡಿ ತೆರೆಯುವ ಮೊದಲಿನವು. ಕಿತ್ತು ಸಾಗಿಸುವ ಕೂಲಿ ಪಟ್ಟಿಯಲ್ಲಿದೆ. ಚಪ್ಪಡಿಯ ಬೆಲೆಯನ್ನು ಎಲ್ಲಾದರೂ ಕಳೆದಿದ್ದಾರೆಯೇ ಎಂದು ಮೂರು ಸಲ ಹುಡುಕಿದೆ, ಸಿಗಲಿಲ್ಲ. ರವಿಕೆ ಹೊಲಿದ ಮೇಲೆ ಅಂಗೈಯಗಲದ ತುಂಡು ಉಳಿದರೂ ಸುತ್ತಿ ಗಿರಾಕಿಗೆ ವಾಪಸು ಕೊಡುತ್ತೇನೆ. ಇಲ್ಲಿ ಎರಡು ಲಾರಿ ಕಲ್ಲು ಹೋಗಿದೆ.

ಒಳ್ಳೆಯದನ್ನೂ ಹೇಳಬೇಕು. ಮೊದಲು ಜೋರು ಮಳೆಗೆ ಅಂಗಡಿ ಮುಂದೆ ಕೊಳಚೆ ನಿಲ್ಲುತ್ತಿತ್ತು, ಈಗ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ರಸ್ತೆಯ ಮಟ್ಟ ಏರಿದ್ದರಿಂದ ನನ್ನ ಎರಡು ಮೆಟ್ಟಿಲು ಒಂದಾಗಿದೆ, ಮೊಣಕಾಲಿನವರಿಗೆ ಅನುಕೂಲ. ಆದರೆ ಅದೇ ಏರಿಕೆಯಿಂದ ಮೂಲೆಮನೆಯ ಅಜ್ಜಿಯ ಹೊಸ್ತಿಲು ರಸ್ತೆಗಿಂತ ತಗ್ಗಾಯಿತು. ಆಕೆ ಈಗ ಗೇಟಿಗೆ ಅಡ್ಡಲಾಗಿ ಮರಳಿನ ಚೀಲ ಇಟ್ಟುಕೊಂಡಿದ್ದಾರೆ.

ಒಂದು ಅಂಕವನ್ನು ಪೂರ್ತಿ ಕಳೆದದ್ದು ಏಪ್ರಿಲ್‌ನಲ್ಲಿ. ನೀರಿನ ಕೊಳವೆ ಬದಲಿಸಬೇಕೆಂದು ಬಂದವರು ಹೊಸ ಕಾಂಕ್ರೀಟನ್ನು ಮೂರು ಕಡೆ ಕೊಯ್ದರು. ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ನಗರದಲ್ಲಿ ಮಾಡಿದ ರಸ್ತೆಗಳಲ್ಲಿ ಕೊಳವೆ, ಕೇಬಲ್‌ಗಳಿಗೆ ಪಾದಚಾರಿ ಮಾರ್ಗದ ಕೆಳಗೆ ಮೊದಲೇ ದಾರಿ ಮಾಡಿಡುತ್ತಾರೆ, ಮತ್ತೆ ಅಗೆಯಬಾರದೆಂದು. ಅವುಗಳ ಖರ್ಚಿಗೂ ಟೀಕೆ ಬಂದಿತ್ತು. ಆದರೂ 2018ರಲ್ಲಿ ಹೊಸದಾಗಿ ತೆರೆದ ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ನಡೆದಾಗ ದುಡ್ಡು ಎಲ್ಲಿಗೆ ಹೋಯಿತೆಂದು ಕಣ್ಣಿಗಾದರೂ ಕಾಣುತ್ತದೆ. ನಮ್ಮಲ್ಲಿ ಕಾಣುವುದು ಮೂರು ತೇಪೆ, ಅದೂ ಬಣ್ಣ ಕೂಡದ ತೇಪೆ.

ಕೊಯ್ದು ಮುಚ್ಚಿದ ಖರ್ಚು ಯಾರ ಲೆಕ್ಕಕ್ಕೆ ಎಂದು ಕೇಳಿ ಎರಡನೆಯ ಅರ್ಜಿ ಹಾಕಿದ್ದೇನೆ. ಈ ಸಲ ತೊಂಬತ್ತೆರಡೇ ಪದ. ಹಾಕಿ ಇಂದಿಗೆ ಹತ್ತೊಂಬತ್ತು ದಿನ.