ಕರಡಿ ಒಂದೇ, ಗಂಟಲು ಎರಡು

ಡಬ್ಬಿಂಗ್ ಅಂದರೆ ಮೂಗು ಮುರಿಯುವವರ ಸಾಲಿನಲ್ಲಿ ನಾನೂ ಇದ್ದೆ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ, ಯಾರಿಗೆ ಬೇಕು ಆ ಕಿರಿಕಿರಿ? ಆದರೆ ಸ್ಪ್ಯಾನಿಷ್ ಕಲಿಯಲು ಕೂತ ಮೇಲೆ ಕಿವಿ ಪಳಗಬೇಕಲ್ವಾ? ಕಥೆ ಗೊತ್ತಿರುವ ಸಿನಿಮಾಗಳನ್ನೇ ಸ್ಪ್ಯಾನಿಷ್‌ನಲ್ಲಿ ನೋಡತೊಡಗಿದೆ. ಹಾಗೆ ಸಿಕ್ಕವನು ಮೆಕ್ಸಿಕೋದ ಹಾಸ್ಯನಟ ಟಿನ್ ಟಾನ್.

ನಿಜ ಹೆಸರು ಹೆರ್ಮಾನ್ ವಾಲ್ದೇಸ್. ಹುಟ್ಟಿದ್ದು 1915ರಲ್ಲಿ, ಮೆಕ್ಸಿಕೋ ಸಿಟಿಯಲ್ಲಿ. ಬೆಳೆದದ್ದು ಅಮೆರಿಕದ ಗಡಿಗೆ ಅಂಟಿಕೊಂಡಿರುವ ಸಿಯುದಾದ್ ಹುವಾರೆಸ್ ಊರಿನಲ್ಲಿ. ಅಲ್ಲಿನ ರೇಡಿಯೋದಲ್ಲಿ ಕೆಲಸ ಮಾಡುತ್ತಲೇ ನಗಿಸುವುದನ್ನು ಕಲಿತ. ಉದ್ದ ಕೋಟು, ದೊಗಳೆ ಪ್ಯಾಂಟು, ಗರಿ ಸಿಕ್ಕಿಸಿದ ಟೋಪಿ, ಜೋತಾಡುವ ಸರಪಳಿ: ಗಡಿ ಕಡೆಯ 'ಪಚೂಕೋ' ಹುಡುಗರ ವೇಷವೇ ಇವನ ಗುರುತಾಯಿತು. ಮಾತಿನ ನಡುವೆ ಇಂಗ್ಲಿಷ್ ತುರುಕುತ್ತಿದ್ದ. ಭಾಷೆ ಕೆಡಿಸುತ್ತಿದ್ದಾನೆ ಅಂತ ಶುದ್ಧ ಸ್ಪ್ಯಾನಿಷ್‌ನವರು ಗೊಣಗಿದ್ದೂ ಉಂಟು. ನಮ್ಮ ಕಂಗ್ಲಿಷ್ ಜಗಳ ಕೇಳಿದವರಿಗೆ ಇದೇನು ಹೊಸದಲ್ಲ.

1967ರ 'ದಿ ಜಂಗಲ್ ಬುಕ್' ಕಾರ್ಟೂನಿನ ಕರಡಿ ಬಲೂಗೆ ಸ್ಪ್ಯಾನಿಷ್‌ನಲ್ಲಿ ದನಿ ಕೊಟ್ಟಾಗ ಅವನಿಗೆ ಐವತ್ತು ದಾಟಿತ್ತು. ಇಂಗ್ಲಿಷ್‌ನಲ್ಲಿ ಅದೇ ಕರಡಿಗೆ ಫಿಲ್ ಹ್ಯಾರಿಸ್. ಅವನೂ ರೇಡಿಯೋದಿಂದ ಬಂದವನೇ, ಜೊತೆಗೆ ವಾದ್ಯತಂಡ ನಡೆಸಿದವನು. ಹೀಗಾಗಿ ಜೋಡಿ ಸಮಸಮ. ಒಂದು ರಾತ್ರಿ ಇಂಗ್ಲಿಷ್, ಮರುದಿನ ಸ್ಪ್ಯಾನಿಷ್, ಎರಡಕ್ಕೂ ಅದೇ ಹೆಡ್‌ಫೋನ್, ಸಬ್‌ಟೈಟಲ್ ಬಂದ್.

ಹ್ಯಾರಿಸ್‌ನ ಬಲೂ ಊಟ ಮುಗಿಸಿ ಜಗಲಿಯಲ್ಲಿ ಒರಗಿದ ಮಾವನ ಹಾಗೆ. ದಪ್ಪ ದನಿ, ಅವಸರವಿಲ್ಲ. ಟಿನ್ ಟಾನ್‌ನ ಬಲೂಗೆ ಕಾಲು ಸುಮ್ನೆ ನಿಲ್ಲದು. ಮಾತು ಮುಗಿಯುವ ಮೊದಲೇ ಒಂದು ನಗು ಇಣುಕುತ್ತದೆ. ಸುತ್ತಲಿನ ಪಾತ್ರಗಳೆಲ್ಲ ಇಸ್ತ್ರಿ ಮಾಡಿದಂಥ ಸ್ಪ್ಯಾನಿಷ್ ಆಡುವಾಗ ಇವನೊಬ್ಬನ ಮಾತು ಬೀದಿಯಿಂದ ಎದ್ದು ಬಂದ ಹಾಗಿದೆ.

ಆದರೂ ಎರಡು ಭಾಷೆಯ ಮಾತನ್ನು ತಕ್ಕಡಿಗೆ ಹಾಕುವುದು ಕಷ್ಟ. ನನಗೆ ಇಂಗ್ಲಿಷ್ ಸಲೀಸು, ಸ್ಪ್ಯಾನಿಷ್ ಅರ್ಧಂಬರ್ಧ. ಅದಕ್ಕೇ ಮಂಗಗಳ ರಾಜನ ಅರಮನೆಯ ದೃಶ್ಯ ಹಿಡಿದುಕೊಂಡೆ. ಬಲೂ ಹುಲ್ಲಿನ ಲಂಗ ಉಟ್ಟು, ಮೂತಿಗೆ ತೆಂಗಿನ ಚಿಪ್ಪು ಕಟ್ಟಿಕೊಂಡು ಒಳಗೆ ನುಗ್ಗುತ್ತಾನೆ. ರಾಜನ ಜೊತೆ ಅರ್ಥವೇ ಇಲ್ಲದ ಜಾಜ್ ಉಲಿಗಳ ಜುಗಲ್‌ಬಂದಿಗೆ ಇಳಿಯುತ್ತಾನೆ. ಅರ್ಥ ಇಲ್ಲದ್ದಕ್ಕೆ ಅನುವಾದವೂ ಬೇಡ. ಅಲ್ಲಿರುವುದು ಗಂಟಲು, ತಾಳ ಅಷ್ಟೇ. ಆರೇಳು ಸಲ ಹಿಂದೆ ಮುಂದೆ ಓಡಿಸಿ ಕೇಳಿದೆ. ಹ್ಯಾರಿಸ್ ತಾಳದ ಮೇಲೆ ಗಟ್ಟಿಯಾಗಿ ಕೂರುತ್ತಾನೆ. ಟಿನ್ ಟಾನ್ ತಾಳವನ್ನು ಕೆಣಕುತ್ತಾನೆ, ಇನ್ನೇನು ಜಾರಿದ ಅನ್ನುವಾಗ ಬಂದು ಹಿಡಿಯುತ್ತಾನೆ. ನನ್ನ ವೋಟು ಟಿನ್ ಟಾನ್‌ಗೆ.

1970ರ 'ದಿ ಅರಿಸ್ಟೋಕ್ಯಾಟ್ಸ್'ನಲ್ಲೂ ಇದೇ ಜೋಡಿ. ಬೀದಿ ಬೆಕ್ಕು ಓಮ್ಯಾಲಿಗೆ ಇಂಗ್ಲಿಷ್‌ನಲ್ಲಿ ಹ್ಯಾರಿಸ್, ಸ್ಪ್ಯಾನಿಷ್‌ನಲ್ಲಿ ಟಿನ್ ಟಾನ್. ಇಲ್ಲಿ ಹ್ಯಾರಿಸ್ ಬಲೂವನ್ನೇ ಮತ್ತೆ ಆಡಿದ ಹಾಗೆ ನನಗೆ ಕೇಳಿಸಿತು. ಟಿನ್ ಟಾನ್‌ಗೆ ಪೋಲಿ ಬೆಕ್ಕು ತವರುಮನೆ ಇದ್ದಂತೆ, ಹೆಣ್ಣುಬೆಕ್ಕಿನ ಮುಂದೆ ದನಿ ಜೇನಾಗುತ್ತದೆ. ಕಲಿಯುವವರಿಗೆ ಮಾತ್ರ ಬಲೂವೇ ಸುಲಭ. ಬೆಕ್ಕಿನ ಮಾತು ಜಾಸ್ತಿ ವೇಗ ಅನ್ನಿಸಿತು.

ಕೊನೆಗೆ ಟಿನ್ ಟಾನ್‌ನ ಮುಖ ನೋಡೋಣ ಅಂತ ಅವನೇ ನಟಿಸಿದ 'ಎಲ್ ರೇ ದೆಲ್ ಬಾರ್ರಿಯೋ' ಹಾಕಿದೆ. 1940ರ ದಶಕದ ಕೊನೆಯಲ್ಲಿ ತೆಗೆದ ಕಪ್ಪು-ಬಿಳುಪು ಸಿನಿಮಾ. ಹಾಡು, ಕುಣಿತ, ಪ್ರೇಮ, ಕಳ್ಳತನ ಎಲ್ಲ ಇದೆ. ಇಟಲಿಯ ಸಂಗೀತ ಮೇಷ್ಟ್ರ ವೇಷದಲ್ಲಿ ಹೋಗಿ, ಕೋಲಿನಂತಿರುವ ನಟಿ ವಿತೋಲಾಗೆ ಪಾಠ ಹೇಳುವ ದೃಶ್ಯವಿದೆ. ಮಾತು ಕಾಲುಭಾಗವೂ ತಿಳಿಯಲಿಲ್ಲ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಅಲ್ಲಿ ಒಂದು ವಿಷಯ ಹೊಳೆಯಿತು. ಅವನು ಹಾಡುವಾಗ ಮೊದಲು ಅಲುಗುವುದು ಭುಜ, ಆಮೇಲೆ ಬಾಯಿ. ಬಲೂವಿನ ದನಿಯಲ್ಲಿ ನನಗೆ ಕೇಳಿಸಿದ್ದ ಆ ಚಡಪಡಿಕೆ ಇದೇ. ಮರುದಿನ ಮತ್ತೆ ಕರಡಿ ಹಾಕಿದೆ. ಈ ಸಲ ಬಲೂ ಬಾಯಿ ತೆರೆದಾಗಲೆಲ್ಲ ಗರಿಯ ಟೋಪಿ ಕಾಣುತ್ತಿತ್ತು.