ಬದಿಯಡ್ಕದ ಮಳೆಗೆ ಯಾವ ಟಿವಿ ತಾಳುತ್ತದೆ? ಕೇಬಲ್, ದುಡ್ಡಿನ ಡಿಶ್, ಫೈಬರ್, ಫ್ರೀ ಡಿಶ್

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಟಿವಿಯ ಮೇಲೆ ದೂರು ಎರಡೇ. ಮಳೆ ಬಂದರೆ ಚಿತ್ರ ಹೋಗುತ್ತದೆ. ಮಳೆ ಇಲ್ಲದಾಗ ಚಿತ್ರ ಇರುತ್ತದೆ, ಕನ್ನಡ ಇರುವುದಿಲ್ಲ.

ನಮ್ಮದು ಬದಿಯಡ್ಕ ಕಡೆ, ಅಡಿಕೆ ತೋಟದ ನಡುವಿನ ಮನೆ. ಕೇಬಲ್ ಮೊದಲಿನಿಂದ ಇತ್ತು. ದುಡ್ಡು ಕಟ್ಟುವ ಡಿಶ್ ಅತ್ತೆಯ ಧಾರಾವಾಹಿಗೆ ಬಂತು, ಫೈಬರ್ ಮಕ್ಕಳ ಓದಿಗೆ ಬಂತು. ದೂರದರ್ಶನದ್ದೇ ಆದ, ತಿಂಗಳ ದುಡ್ಡಿಲ್ಲದ ಫ್ರೀ ಡಿಶ್ ನಾನೇ ಹಾಕಿಸಿದ್ದು. ನಾಲ್ಕನ್ನೂ ಇದೇ ಮನೆಯಲ್ಲಿ ಮಳೆಗಾಲ ದಾಟಿಸಿ ನೋಡಿದ್ದೇನೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ತಟ್ಟೆಯ ಫ್ರೀ ಡಿಶ್ ಇರಲಿ, ಧಾರಾವಾಹಿಗೆ ಫೈಬರ್ ಇರಲಿ. ಕೇಬಲ್ ಬಿಡಿ.

ಮಾಡಿನ ಮೇಲಿನ ಹಳೆಯ ಆಂಟೆನಾವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆಯಕಟ್ಟಿನ ಕೆಲವು ಜಾಗ ಬಿಟ್ಟರೆ ದೂರದರ್ಶನ 2022ರ ಹೊತ್ತಿಗೆ ಅನಲಾಗ್ ಪ್ರಸಾರವನ್ನೇ ನಿಲ್ಲಿಸಿದೆ. ಈಗಲೂ ಏಣಿ ಇಟ್ಟು ಅದನ್ನು ಮಂಗಳೂರಿನ ಕಡೆ ತಿರುಗಿಸುವವರಿದ್ದರೆ ದಯವಿಟ್ಟು ಕೆಳಗಿಳಿಯಿರಿ. ಅಲ್ಯೂಮಿನಿಯಂ ಗುಜರಿಗಾದರೂ ಹೋಗುತ್ತದೆ.

ಕೇಬಲ್‌ಗೆ ಒಂದು ಗುಣ ಇದೆ. ಮಳೆಮೋಡಕ್ಕೆ ಅದು ಹೆದರುವುದಿಲ್ಲ. ಆದರೆ ದಾರಿಯುದ್ದಕ್ಕೂ ಇರುವ ಆಂಪ್ಲಿಫೈಯರ್‌ಗಳಿಗೆ ಕರೆಂಟ್ ಬೇಕು. ಮನೆಯಲ್ಲಿ ಇನ್ವರ್ಟರ್ ಓಡುತ್ತಿದ್ದರೂ ಆಚೆ ಕಂಬದಲ್ಲಿ ಕರೆಂಟ್ ಹೋದರೆ ಟಿವಿ ಖಾಲಿ. ಅಡಿಕೆ ಮರವೊಂದು ಲೈನ್ ಮೇಲೆ ಬಿದ್ದರೆ ಸಾಲುಮನೆಗಳೆಲ್ಲ ಸುಮ್ಮನಾಗುತ್ತವೆ. ನಮ್ಮ ಲೈನಿನಲ್ಲಿ ಕೊಡುತ್ತಿದ್ದ ಪ್ಯಾಕ್ ತುಂಬಾ ಮಲಯಾಳಂ. ಕನ್ನಡದ್ದು ಕೇಳಿದರೆ ಬೇರೆ ದುಡ್ಡು. ಅಷ್ಟಾದ ಮೇಲೆ ಇನ್ನು ಯಾಕೆ ಅನ್ನಿಸಿತು.

ದುಡ್ಡಿನ ಡಿಶ್‌ನಲ್ಲಿ ಕನ್ನಡ ಸಿಗುತ್ತದೆ. ಕೇಳಿ ಪಡೆಯಬೇಕು ಅಷ್ಟೆ. ಪಿನ್‌ಕೋಡ್ ನೋಡಿದ ಕೂಡಲೇ ಅವರು ಕೇರಳದ ಪ್ಯಾಕ್ ಹಾಕುತ್ತಾರೆ. "ನಿಮ್ಮದು ಕೇರಳ ಅಲ್ವಾ ಸರ್?" "ಹೌದಮ್ಮಾ, ಕೇರಳವೇ. ಮನೆಯಲ್ಲಿ ನೋಡುವುದು ಕನ್ನಡ." ಈ ಮಾತುಕತೆ ಪ್ರತಿ ಸಲ ಮೊದಲಿನಿಂದ ಶುರು. ಬೇಕಾದ ಚಾನೆಲ್ ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು ಎಂಬ ಟ್ರಾಯ್ (ಟಿವಿ, ಫೋನ್ ಕಂಪನಿಗಳ ಮೇಲಿನ ನಿಯಂತ್ರಕ ಸಂಸ್ಥೆ) ನಿಯಮ 2019ರಿಂದಲೇ ಇದೆ. ಹಾಗಾಗಿ ಪ್ಯಾಕ್ ಬೇಡ, ಇಂತಿಂಥ ಚಾನೆಲ್ ಹಾಕಿ ಎಂದು ಗಟ್ಟಿಯಾಗಿ ಹೇಳಿ.

ಮಳೆಯ ವಿಷಯದಲ್ಲಿ ಮಾತ್ರ ದುಡ್ಡು ಕೊಟ್ಟವರಿಗೆ ರಿಯಾಯಿತಿ ಇಲ್ಲ. ಇದೂ ಬರುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳಲ್ಲಿ, ಫ್ರೀ ಡಿಶ್ ಕೂಡ ಅವುಗಳಲ್ಲೇ. ಆ ಅಲೆಗಳನ್ನು ದಪ್ಪ ಮಳೆಹನಿ ನುಂಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಮ್ಮದು. ಕಂಪನಿಯವರು ತಂದು ಕಟ್ಟಿದ್ದು ಚಿಕ್ಕ ತಟ್ಟೆ, ಸುಮಾರು 60 ಸೆಂಟಿಮೀಟರಿನದು. ಜುಲೈಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇ ಬಿಡುತ್ತಿತ್ತು.

ಫೈಬರ್‌ಗೆ ಮೋಡದ ಹಂಗಿಲ್ಲ. ಆಯಾ ಚಾನೆಲ್‌ನವರ ಆಪ್‌ನಲ್ಲಿ ಧಾರಾವಾಹಿ ಸಿಗುತ್ತದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಬಿಟ್ಟ ವೇವ್ಸ್ ಆಪ್‌ನಲ್ಲಿ ದೂರದರ್ಶನದ ಚಾನೆಲ್‌ಗಳಿವೆ. ತೊಂದರೆ ಎರಡು. ಕ್ರಿಕೆಟ್ ನೋಡುವಾಗ ಆಚೆಮನೆಯ ಡಿಶ್‌ನವರು ಕೂಗಿದ ಮೇಲೆ ನಮ್ಮಲ್ಲಿ ಬೌಲರ್ ಓಡಿ ಬರುತ್ತಾನೆ. ಇನ್ನು ಗೋಡೆಯ ಮೇಲಿನ ಆ ಚಿಕ್ಕ ಡಬ್ಬಿಗೂ ರೌಟರಿಗೂ ಇನ್ವರ್ಟರ್ ಲೈನ್ ಕೊಡದಿದ್ದರೆ ಕರೆಂಟ್ ಹೋದಾಗ ಎಲ್ಲವೂ ಹೋಗುತ್ತದೆ.

ಈಗ ಫ್ರೀ ಡಿಶ್. 2004ರಲ್ಲಿ ಶುರುವಾದ ದೂರದರ್ಶನದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಡಿಡಿ ಚಂದನ ಇದರಲ್ಲೇ ಬರುತ್ತದೆ. ಒಂದೇ ಖರ್ಚು, ಒಂದೇ ಸಲ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರುವುದನ್ನೇ ತೆಗೆದುಕೊಳ್ಳಿ. ಹಳೆಯ ಎಂಪೆಗ್-2 ಬಾಕ್ಸ್‌ಗೆ ಎಲ್ಲ ಚಾನೆಲ್ ಸಿಗುವುದಿಲ್ಲ. ಹೊಸ ಟಿವಿಗಳಲ್ಲಿ ಕೆಲವಕ್ಕೆ ಒಳಗೇ ಸ್ಯಾಟಲೈಟ್ ಟ್ಯೂನರ್ ಇರುತ್ತದೆ. ಡಿಶ್‌ನ ವಯರ್ ಸೀದಾ ಟಿವಿಗೆ ಹಾಕಿ ನೋಡಿದೆ. ಒಂದು ರಿಮೋಟ್ ಕಡಿಮೆಯಾಯಿತು, ಚಿತ್ರವೂ ಚೆನ್ನಾಗಿದೆ. ಆದರೆ ಡಿಶ್ ಕೂರಿಸುವಾಗ ಅಂಗಳದಲ್ಲಿ ಚಿಕ್ಕ ಟಿವಿ, ಬಾಕ್ಸ್ ಇಟ್ಟುಕೊಳ್ಳುವುದೇ ಸುಲಭ.

ಕೂರಿಸುವುದರಲ್ಲೇ ಇರುವುದು ಕೆಲಸವೆಲ್ಲ. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಕಾಸರಗೋಡಿನಿಂದ ನೋಡಿದರೆ ಆಗ್ನೇಯಕ್ಕೆ, ನೆಲದಿಂದ ಸುಮಾರು 64 ಡಿಗ್ರಿ ಮೇಲೆ. ಯೂಟ್ಯೂಬ್‌ನ ಹಿಂದಿ ವಿಡಿಯೋ ನೋಡಿ ಅಳತೆ ಇಡಬೇಡಿ. ದೆಹಲಿಯಲ್ಲಿ ಅದೇ ಉಪಗ್ರಹ 52 ಡಿಗ್ರಿಯಷ್ಟು ಮಾತ್ರ ಮೇಲೆ ಕಾಣುತ್ತದೆ. ಭೂಮಧ್ಯರೇಖೆ ಹತ್ತಿರವಾದಷ್ಟೂ ಡಿಶ್ ಮುಂದಿನ ಕೋಲಿನ ತುದಿಯಲ್ಲಿ ಅಲೆ ಹಿಡಿಯುವ ಎಲ್‌ಎನ್‌ಬಿಯನ್ನು ಅದರ ಕ್ಲಾಂಪಿನೊಳಗೆ ಜಾಸ್ತಿ ತಿರುಗಿಸಬೇಕು. ನಮ್ಮಲ್ಲಿ ಈ ತಿರುವು ದೆಹಲಿಗಿಂತ ಹೆಚ್ಚುಕಡಿಮೆ ಎರಡರಷ್ಟು. ಎಲ್ಲ ಸರಿಯಿದ್ದೂ ಸಿಗ್ನಲ್ ಬಡಕಲಾಗಿದ್ದರೆ ತಪ್ಪು ಹೆಚ್ಚಾಗಿ ಇಲ್ಲೇ.

ಮೆನುವಿನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ. ಎಲ್‌ಎನ್‌ಬಿ 9750-10600. ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಪಟ್ಟಿ ಡಿಶ್ ಎತ್ತ ತಿರುಗಿದ್ದರೂ ಮೇಲೇ ಇರುತ್ತದೆ. ಅದನ್ನು ನಂಬಬೇಡಿ. ನೋಡಬೇಕಾದ್ದು ಕ್ವಾಲಿಟಿ ಪಟ್ಟಿ. ಡಿಶ್ಶನ್ನು ಬೆರಳಷ್ಟು ಸರಿಸಿ, ಕೈ ಬಿಟ್ಟು ಎರಡು ಸೆಕೆಂಡ್ ಕಾಯಿರಿ. ಬಾಕ್ಸ್‌ಗೆ ಹಿಡಿದುಕೊಳ್ಳಲು ಅಷ್ಟು ಹೊತ್ತು ಬೇಕು. ಅವಸರದವರು ಆ ಜಾಗವನ್ನು ದಾಟಿ ಹೋಗುತ್ತಾರೆ.

ಮರಗಳ ವಿಷಯ. ಇಷ್ಟು ಎತ್ತರದ ಕೋನ ನಮಗೆ ಒಳ್ಳೆಯದೇ. ಡಿಶ್‌ಗಿಂತ 14 ಮೀಟರ್ ಎತ್ತರದ ತೆಂಗು ಆಗ್ನೇಯದಲ್ಲಿ ಏಳು ಮೀಟರಿಗಿಂತ ಆಚೆ ಇದ್ದರೆ ತೊಂದರೆ ಇಲ್ಲ. ಎತ್ತರದ ವ್ಯತ್ಯಾಸದ ಅರ್ಧದಷ್ಟು ದೂರ ಎಂದು ಲೆಕ್ಕ ಇಟ್ಟುಕೊಳ್ಳಿ, ಗರಿಗೆ ಸ್ವಲ್ಪ ಜಾಗ ಸೇರಿಸಿ. ಬೇಸಿಗೆಯಲ್ಲಿ ಸರಿಯಿದ್ದ ಡಿಶ್ ಎರಡು ವರ್ಷಕ್ಕೆ ಕೆಟ್ಟರೆ ಮೊದಲು ಮರ ನೋಡಿ.

ಮಳೆಗೆ ಮದ್ದು ದೊಡ್ಡ ತಟ್ಟೆ. 60ರ ಬದಲು 90 ಸೆಂಟಿಮೀಟರಿನದು ಹಾಕಿದರೆ ಎರಡರಷ್ಟಕ್ಕಿಂತ ಜಾಸ್ತಿ ಅಲೆ ಹಿಡಿಯುತ್ತದೆ. ನಮ್ಮಲ್ಲಿ ಜಡಿಮಳೆಗೂ ಚಂದನ ನಿಂತದ್ದು ಇದರಲ್ಲೇ. ಗುಡುಗಿನ ದೊಡ್ಡ ಮೋಡ ತಲೆಯ ಮೇಲೆ ಬಂದಾಗ ಇದೂ ಹೋಗುತ್ತದೆ, ಆದರೆ ಬೇಗ ಮರಳುತ್ತದೆ. ದೊಡ್ಡ ತಟ್ಟೆಗೆ ಗಾಳಿ ಜಾಸ್ತಿ ತಾಗುತ್ತದೆ. ಹಂಚಿನ ಮಾಡಿನ ಪಕ್ಕಾಸಿಗೆ ಬೋಲ್ಟ್ ಹಾಕಬೇಡಿ, ಗೋಡೆಗೋ ನೆಲದ ಕಾಂಕ್ರೀಟಿಗೋ ಹಾಕಿ.

ಮಳೆ ನಿಂತು ಬಿಸಿಲು ಬಂದ ಮೇಲೂ ಸಿಗ್ನಲ್ ಬಾರದಿದ್ದರೆ ಮೋಡವನ್ನು ಬೈಯಬೇಡಿ. ಎಲ್‌ಎನ್‌ಬಿಯ ಹಿಂದಿನ ಕನೆಕ್ಟರ್ ಬಿಚ್ಚಿ. ನಮ್ಮದರಲ್ಲಿ ನಡುವಿನ ತಾಮ್ರದ ತಂತಿ ಹಸಿರಾಗಿ ಕಿಲುಬು ಹಿಡಿದಿತ್ತು, ಜಾಲರಿಯ ಒಳಗೆ ನೀರು ಇಳಿದಿತ್ತು, ಒಂದೆರಡು ಇರುವೆಯೂ ಇತ್ತು. ಒಂದು ಗೇಣು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪ್ ಎಳೆದು ಸುತ್ತಿದ ಮೇಲೆ ಕ್ವಾಲಿಟಿ ಮತ್ತೆ ಏರಿತು. ವಯರನ್ನು ಮನೆಯೊಳಗೆ ತರುವ ಮೊದಲು ಕೆಳಗೆ ಒಂದು ಸುತ್ತು ಜೋತು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಇನ್ನು ಏಪ್ರಿಲ್ ಶುರುವಿಗೆ ಚಾನೆಲ್ ಕಾಣೆಯಾದರೆ ಅದು ಡಿಶ್‌ನ ದೋಷ ಅಲ್ಲ. ಫ್ರೀ ಡಿಶ್‌ನ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಕೈ ಬದಲಾಗುತ್ತದೆ. ಆಟೋ ಸ್ಕ್ಯಾನ್ ಒತ್ತಿ, ಸಾಕು.

ಸಿಡಿಲಿನ ಹೊತ್ತಿಗೆ ಬರೀ ಪ್ಲಗ್ ಕೀಳುವುದು ಸಾಲದು. ಬಾಕ್ಸ್‌ನ ಹಿಂದಿನ ಡಿಶ್ ವಯರನ್ನೂ ಬಿಚ್ಚಿ ದೂರ ಇಡಿ. ಆದರೆ ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ. ಮೋಡ ಕಪ್ಪಾಗುವಾಗಲೇ ಆ ಕೆಲಸ ಮುಗಿದಿರಬೇಕು.